ಡಿಸ್ಕ್ ಎಡಿಟರ್ ತೆರೆಯುವ ಮುನ್ನ: ಮನೆ ಕಂಪ್ಯೂಟರಿನ ಡಿಸ್ಕ್ ದೋಷ ಪತ್ತೆ ಹಚ್ಚುವ ಬಗೆ

ಬಾಗಲಕೋಟೆ ನವನಗರದ ನನ್ನ ರಿಪೇರಿ ಮೇಜಿಗೆ ಬರುವ ಹಾರ್ಡ್ ಡಿಸ್ಕ್‌ಗಳಲ್ಲಿ ಬಹಳಷ್ಟು ಮೊದಲ ದೋಷದಿಂದ ಹಾಳಾದವಲ್ಲ, ಆಮೇಲೆ ಮನೆಯಲ್ಲೇ ನಡೆದ ಚಿಕಿತ್ಸೆಯಿಂದ ಕೆಟ್ಟವು. ಯಾರೋ ವಿಡಿಯೊದಲ್ಲಿ ಹೇಳಿದರೆಂದು ಒಂದು ತಂತ್ರಾಂಶ ಹಾಕಿಕೊಂಡಿರುತ್ತಾರೆ, ಪರದೆ ಕೇಳಿದ್ದಕ್ಕೆಲ್ಲ ‘ಎಸ್’ ಒತ್ತಿರುತ್ತಾರೆ. ಆ ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವೂ ಅತ್ಯಂತ ಅಪಾಯಕಾರಿಯೂ ಆದದ್ದು ಡಿಸ್ಕ್ ಎಡಿಟರ್. ಫೈಲು, ಫೋಲ್ಡರುಗಳ ಮುಸುಕು ಸರಿಸಿ ಡಿಸ್ಕಿನ ಸೆಕ್ಟರುಗಳನ್ನು, ಅಂದರೆ ಸಾಮಾನ್ಯವಾಗಿ 512 ಬೈಟಿನ ಚೂರುಗಳನ್ನು, ಬೈಟು ಬೈಟಾಗಿ ತೋರಿಸುವ ಸಾಧನ ಅದು. ಇಂಥ ಎಡಿಟರುಗಳಲ್ಲಿ ಎಚ್‌ಎಕ್ಸ್‌ಡಿ ಪೂರ್ತಿ ಉಚಿತ. ಡಿಎಂಡಿಇಗೆ ಉಚಿತ ಆವೃತ್ತಿಯೊಂದಿದೆ. ವಿನ್‌ಹೆಕ್ಸ್‌ಗೆ ಹಣ ಕೊಡಬೇಕು. ಮೂರೂ ಬರೆಯಬಲ್ಲವು. ಸೆಕ್ಟರಿಗೆ ಬರೆದು ಉಳಿಸಿದ ಮೇಲೆ ರೀಸೈಕಲ್ ಬಿನ್ ಇಲ್ಲ, ಹಿಂದಿನದನ್ನು ಮರಳಿ ತರುವ ದಾರಿಯೂ ಇಲ್ಲ. ಆದ್ದರಿಂದ ಈ ಬರಹದಲ್ಲಿ ಡಿಸ್ಕ್ ಎಡಿಟರ್ ಬಹುಪಾಲು ಓದುವ ಕನ್ನಡಕವಾಗಿಯೇ ಇರುತ್ತದೆ.

ಯಾವ ಲಕ್ಷಣವಿದ್ದರೂ ಮೊದಲು ಪಾಲಿಸಬೇಕಾದದ್ದು ಇಷ್ಟು. ಸಂಶಯವಿರುವ ಡಿಸ್ಕಿಗೆ ಹೊಸದಾಗಿ ಏನನ್ನೂ ಉಳಿಸಬೇಡಿ, ರಿಕವರಿ ತಂತ್ರಾಂಶವನ್ನೂ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಡಿ. ಫಾರ್ಮ್ಯಾಟ್, ಇನಿಷಿಯಲೈಸ್, ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಎಂದು ಪರದೆ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ನಮ್ಮ ಕಡೆ ಮಳೆ ಗಾಳಿಗೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಚಾರ್ಜ್ ಇರುವ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂಡಬೇಡಿ.

## ಫೋಲ್ಡರುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳು

ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್ ಡ್ರೈವಿನಲ್ಲಿ ಇದು ಸಾಮಾನ್ಯ. ಫೋಲ್ಡರುಗಳೆಲ್ಲ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್ ನಿಂತಿರುತ್ತವೆ, ಆದರೂ ತುಂಬಿದ ಜಾಗದ ಲೆಕ್ಕ ಮೊದಲಿನಷ್ಟೇ ಇರುತ್ತದೆ. ಇದು ಡಿಸ್ಕಿನ ದೋಷವಲ್ಲ, ವೈರಸ್ಸಿನ ಕೈವಾಡ. ನಿಮ್ಮ ಫೋಲ್ಡರುಗಳು ಅಲ್ಲಿಯೇ ಇವೆ, ‘ಹಿಡನ್’ ಮತ್ತು ‘ಸಿಸ್ಟಂ’ ಎಂಬ ಗುರುತು ಬಿದ್ದಿದೆ ಅಷ್ಟೆ. ಶಾರ್ಟ್‌ಕಟ್ ಒತ್ತಬೇಡಿ, ಒತ್ತಿದರೆ ವೈರಸ್ ನಿಮ್ಮ ಕಂಪ್ಯೂಟರಿಗೂ ದಾಟುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಕಡತಗಳನ್ನೂ ರಕ್ಷಿತ ಸಿಸ್ಟಂ ಕಡತಗಳನ್ನೂ ತೋರಿಸುವಂತೆ ಮಾಡಿ, ನಿಮಗೆ ಬೇಕಾದುದನ್ನು ನಕಲಿಸಿಕೊಂಡು, ಆಂಟಿವೈರಸ್‌ನಿಂದ ತಪಾಸಣೆ ನಡೆಸಿ. ಡಿಸ್ಕ್ ಎಡಿಟರಿಗೆ ಇಲ್ಲಿ ಕೆಲಸವೇ ಇಲ್ಲ.

## ಡಿಸ್ಕ್ ಕಾಣಿಸುವುದೇ ಇಲ್ಲ

ಖರ್ಚಿಲ್ಲದ್ದನ್ನು ಮೊದಲು ನೋಡಿ. ಬೇರೆ ಕೇಬಲ್ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂಭಾಗದ ಯುಎಸ್‌ಬಿ ಬಿಟ್ಟು ಹಿಂಭಾಗದ ಪೋರ್ಟಿಗೆ ಚುಚ್ಚಿ; ಮುಂದಿನ ಪೋರ್ಟಿಗೆ ತೆಳು ವೈರಿನಲ್ಲಿ ಬರುವ ವಿದ್ಯುತ್ತು ತಿರುಗುವ ಡಿಸ್ಕಿಗೆ ಅನೇಕ ಸಲ ಸಾಲುವುದಿಲ್ಲ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು, ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕು. ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಇಲ್ಲದ ಅಗ್ಗದ ಕೇಬಲ್ ಜೋಡಿಸಿ ಡಿಸ್ಕ್ ಸತ್ತಿದೆ ಎಂದು ನಿರ್ಧರಿಸುವವರಿದ್ದಾರೆ.

ಒಳಗಿನ ಡಿಸ್ಕೇ ಕಾಣದೆ ‘ನೋ ಬೂಟಬಲ್ ಡಿವೈಸ್’ ಎಂದು ಬಂದರೆ ಗಡಿಯಾರ ನೋಡಿ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಸಿಆರ್ 2032 ಎಂಬ 3 ವೋಲ್ಟಿನ ಬ್ಯಾಟರಿ ಅದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಮುಗಿದಾಗ ಕಂಪ್ಯೂಟರನ್ನು ಶುರು ಮಾಡುವ ಬಯಾಸ್ ತನ್ನ ಮೂಲ ಹೊಂದಿಕೆಗೆ ಮರಳುತ್ತದೆ; ಶುರುವಾಗುವ ಬಗೆ ಯುಇಎಫ್‌ಐ ಇದ್ದದ್ದು ಲೆಗಸಿ ಆಗಬಹುದು, ಡಿಸ್ಕಿನೊಡನೆ ವ್ಯವಹರಿಸುವ ಬಗೆ ಎಎಚ್‌ಸಿಐ ಇದ್ದದ್ದು ಬೇರೆಯಾಗಬಹುದು. ಡಿಸ್ಕಿನಲ್ಲಿ ಏನೂ ಕೆಟ್ಟಿರುವುದಿಲ್ಲ, ಬ್ಯಾಟರಿ ಬದಲಿಸಿ ಹೊಂದಿಕೆಯನ್ನು ಮೊದಲಿನಂತೆ ಮಾಡಿದರೆ ಆಯಿತು.

ಕಿವಿಗೊಟ್ಟು ಕೇಳುವುದೂ ಒಂದು ಪರೀಕ್ಷೆ. ‘ಟಕ್… ಟಕ್… ಟಕ್’ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ಅಥವಾ ತಿರುಗಲು ಹೋಗಿ ಕುಂಯ್‌ಗುಟ್ಟಿ ನಿಲ್ಲುತ್ತಿದ್ದರೆ, ತಕ್ಷಣ ವಿದ್ಯುತ್ ತೆಗೆಯಿರಿ. ಓದುವ ಹೆಡ್ ಅಥವಾ ಮೋಟರಿನ ದೋಷ ಅದು. ಪ್ರತಿ ಸಲ ಆನ್ ಮಾಡಿದಾಗಲೂ ಹೆಡ್ ತಟ್ಟೆಯನ್ನು ಕೆರೆಯುವ ಸಾಧ್ಯತೆ ಇದೆ. ಫ್ರಿಜ್ಜಿನಲ್ಲಿಡುವುದು, ಮೆಲ್ಲಗೆ ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು, ಯಾವುದನ್ನೂ ಮಾಡಬೇಡಿ. ಇಂಥ ಡಿಸ್ಕಿಗೆ ಈ ಬರಹದ ಮುಂದಿನ ಭಾಗ ಅನ್ವಯಿಸುವುದಿಲ್ಲ, ಕೊನೆಯ ಭಾಗವನ್ನಷ್ಟೇ ಓದಿ.

ತಿರುಗುವ ತಟ್ಟೆಯಿಲ್ಲದ, ಬರೀ ಚಿಪ್‌ಗಳ ಡಿಸ್ಕಾದ ಎಸ್‌ಎಸ್‌ಡಿಗೆ ಸದ್ದಿಲ್ಲ. ಅದರ ಅಳತೆ 0 ಎಂದೋ ಕೆಲವೇ ಎಂಬಿ ಎಂದೋ ತೋರಿದರೆ ಅದನ್ನು ನಡೆಸುವ ಚಿಪ್, ಅಂದರೆ ಕಂಟ್ರೋಲರ್ ಕೈಕೊಟ್ಟಿದೆ. ಅದನ್ನೂ ಎಡಿಟರಿನಿಂದ ಸರಿಪಡಿಸಲಾಗದು.

## ಕಾಣಿಸುತ್ತದೆ, ಆದರೆ ಕಂಪ್ಯೂಟರ್ ಒದ್ದಾಡುತ್ತದೆ

ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ, ನಕಲು ಅರ್ಧಕ್ಕೆ ನಿಲ್ಲುವುದು, ಇಡೀ ಕಂಪ್ಯೂಟರ್ ಸ್ತಬ್ಧವಾಗುವುದು ಈ ಬಗೆಯವು. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ, ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ತಿರುಗುವ ಡಿಸ್ಕ್‌ಗಳಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. ಎಚ್‌ಎಕ್ಸ್‌ಡಿಯಂತೆಯೇ ಇದೂ ಕ್ರಮಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ (197 ಎಂಬುದನ್ನು ‘ಸಿ5’ ಎಂದು) ತೋರಿಸಬಹುದು, ಹಾಗಾಗಿ ಹೆಸರನ್ನೂ ನೋಡಿಕೊಳ್ಳಿ. 5ನೆಯದು ಈಗಾಗಲೇ ಬದಲಿ ಕೊಟ್ಟ ಸೆಕ್ಟರುಗಳ ಸಂಖ್ಯೆ. 197ನೆಯದು ಓದಲಾಗದೆ ಬಾಕಿ ಉಳಿದವು. 198ನೆಯದು ಡಿಸ್ಕ್ ತಾನೇ ತಪಾಸಣೆ ಮಾಡಿದಾಗಲೂ ಸರಿಹೋಗದವು. 199ನೆಯದು ಮಾತ್ರ ಬೇರೆ ಜಾತಿಯದು: ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಣೆಯ ತಪ್ಪುಗಳು. ಉಳಿದ ಮೂರೂ ಸೊನ್ನೆಯಿದ್ದು 199 ಮಾತ್ರ ಏರುತ್ತಿದ್ದರೆ ಸಾಟಾ ಕೇಬಲ್ ಬದಲಿಸಿ. ಅನೇಕರ ಡಿಸ್ಕ್ ಅಷ್ಟಕ್ಕೇ ಗುಣವಾಗುತ್ತದೆ. ಹಳೆಯ ಅಂಕಿ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂಬುದನ್ನು ನೋಡಿ.

197 ಸೊನ್ನೆಗಿಂತ ಹೆಚ್ಚಿದ್ದರೆ ವಿಂಡೋಸಿನದೇ ತಪಾಸಣಾ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ. ಎಲ್ಲರೂ ಮೊದಲು ಮಾಡುವ ಕೆಲಸವೇ ಅದು ಎಂಬುದು ನನಗೆ ಗೊತ್ತು. ಚೆಕ್‌ಡಿಸ್ಕ್ ಕಡತಗಳ ಕೋಷ್ಟಕದ (ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯ) ದಾಖಲೆಗಳು ಒಂದಕ್ಕೊಂದು ಹೊಂದುವಂತೆ ಮಾಡುತ್ತದೆ, ನಿಮ್ಮ ಕಡತ ಉಳಿಯಬೇಕೆಂಬ ಹಟ ಅದಕ್ಕಿಲ್ಲ. ಓದಲಾಗದ ದಾಖಲೆಯನ್ನು ಅದು ಕಿತ್ತುಹಾಕುತ್ತದೆ, ಸಾಯುತ್ತಿರುವ ಡಿಸ್ಕಿಗೆ ಗಂಟೆಗಟ್ಟಲೆ ದುಡಿಮೆಯನ್ನೂ ಕೊಡುತ್ತದೆ.

ಇಲ್ಲಿ ಬೇಕಾದದ್ದು ಇಡೀ ಡಿಸ್ಕಿನ ಪ್ರತಿ. ಲಿನಕ್ಸಿನ ಜಿಎನ್‌ಯು ಡಿಡಿರೆಸ್ಕ್ಯೂ ಇದಕ್ಕೆಂದೇ ಹುಟ್ಟಿದ್ದು. ಸುಲಭವಾಗಿ ಓದಲು ಬರುವ ಭಾಗವನ್ನು ಅದು ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ್ದನ್ನು ಕೊನೆಗೆ ಉಳಿಸುತ್ತದೆ. ಎಲ್ಲಿಗೆ ಬಂದಿದ್ದೇನೆ ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಆ ಕಡತ ಕಳೆಯಬೇಡಿ. ಮೂಲ ಯಾವುದು, ಪ್ರತಿ ಯಾವುದು ಎಂಬುದನ್ನು ಡಿಸ್ಕಿನ ಸೀರಿಯಲ್ ಸಂಖ್ಯೆ ನೋಡಿ ಖಚಿತ ಮಾಡಿಕೊಳ್ಳಿ. ಎರಡನ್ನೂ ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ.

ಎಷ್ಟು ಹೊತ್ತು? 1 ಟಿಬಿಯ ಆರೋಗ್ಯವಂತ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಓದಿದರೆ ಮೂರು ತಾಸಿಗೆ ತುಸು ಕಡಿಮೆ. ಹಳೆಯ ಯುಎಸ್‌ಬಿ 2.0 ಪೋರ್ಟಿನಲ್ಲಿ ಎಂಟೊಂಬತ್ತು ತಾಸು. ಕೆಟ್ಟ ಸೆಕ್ಟರುಗಳಿದ್ದರೆ ದಿನಗಳೇ ಆಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ತಗಡಿನ ಮಾಡಿನ ಕೋಣೆಯಲ್ಲಿ ಇದನ್ನು ಮಧ್ಯಾಹ್ನ ಶುರು ಮಾಡಬೇಡಿ. ರಾತ್ರಿ ಮಾಡಿ, ಡಿಸ್ಕಿನ ಮೇಲೆ ಟೇಬಲ್ ಫ್ಯಾನ್ ಬೀಸಲಿ. ಸ್ಮಾರ್ಟ್‌ನ 197ರ ಅಂಕಿ ಏರುತ್ತಲೇ ಹೋದರೆ, ಓದುವ ವೇಗ ಕೆಬಿಗೆ ಇಳಿದರೆ, ಟಕ್ ಸದ್ದು ಶುರುವಾದರೆ, ನಿಲ್ಲಿಸಿ.

## ‘ಬಳಸುವ ಮುನ್ನ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’

ಅತಿ ಹೆಚ್ಚು ಜನ ಗಾಬರಿಯಾಗುವುದು ಈ ಸಂದೇಶಕ್ಕೆ, ಕಡತಗಳು ಅತಿ ಹೆಚ್ಚು ಉಳಿದಿರುವುದೂ ಇಲ್ಲೇ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಭಾಗದ (ಪಾರ್ಟಿಷನ್) ಮುಂದೆ ‘ರಾ’ ಎಂದು ಬರೆದಿರುತ್ತದೆ. ವಿಂಡೋಸ್ ಹೇಳುತ್ತಿರುವುದು ‘ಖಾಲಿ ಇದೆ’ ಎಂದಲ್ಲ, ‘ನನಗೆ ಓದಲು ಬರುತ್ತಿಲ್ಲ’ ಎಂದು. ಓದಲು ಬಾರದ್ದಕ್ಕೆ ಹಲವು ಕಾರಣ.

ಪೆನ್ ಡ್ರೈವೋ ಡಿಸ್ಕೋ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ. ಟಿವಿಗೆ, ಮ್ಯಾಕ್‌ಗೆ ಅಥವಾ ಲಿನಕ್ಸಿಗೆ ಬಳಸಿದ ಡಿಸ್ಕ್ ಆಗಿದ್ದರೆ ವಿಂಡೋಸಿಗೆ ಅದು ರಾ ಎಂದೇ ಕಾಣುತ್ತದೆ, ಅದರಲ್ಲಿ ದೋಷವಿಲ್ಲ.

ಎಕ್ಸ್‌ಟರ್ನಲ್ ಡಿಸ್ಕಿನ ಹೊರಪೆಟ್ಟಿಗೆಯನ್ನು, ಅಂದರೆ ಕೇಸ್ ಬದಲಿಸಿದ್ದೀರಾ? ಈ ಪ್ರಶ್ನೆ ಕೇಳದೆ ನಾನು ಮುಂದೆ ಹೋಗುವುದಿಲ್ಲ. ಕೆಲವು ಎಕ್ಸ್‌ಟರ್ನಲ್ ಕೇಸ್‌ಗಳು 512 ಬೈಟಿನ ಸೆಕ್ಟರುಗಳನ್ನು ಎಂಟೆಂಟು ಸೇರಿಸಿ 4096 ಬೈಟಿನವಾಗಿ ಕಂಪ್ಯೂಟರಿಗೆ ತೋರಿಸುತ್ತವೆ. ಕೇಸ್ ಸುಟ್ಟುಹೋಯಿತೆಂದು ಡಿಸ್ಕನ್ನು ತೆಗೆದು ನೇರವಾಗಿ ಜೋಡಿಸಿದಾಗ ಎಣಿಕೆಯೇ ತಪ್ಪುತ್ತದೆ. 1 ಟಿಬಿ ಡಿಸ್ಕಿನಲ್ಲಿ ಒಂದೇ ಭಾಗವಿದ್ದರೆ ಅದು 931ರ ಬದಲು ಎಂಟನೆಯ ಒಂದು ಪಾಲು, ಅಂದರೆ ಸುಮಾರು 116 ಜಿಬಿ ಎಂದು ಕಾಣಬಹುದು. ಅದೇ ಬಗೆಯ ಇನ್ನೊಂದು ಕೇಸಿಗೆ ಹಾಕಿದರೆ ಎಲ್ಲವೂ ಮರಳುತ್ತದೆ. ಇನ್ನು ಕೆಲವು ಕೇಸ್‌ಗಳು ತಮ್ಮ ಬೋರ್ಡಿನಲ್ಲೇ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುತ್ತವೆ. ಅಂಥ ಬೋರ್ಡನ್ನು ಗುಜರಿಗೆ ಹಾಕಬೇಡಿ.

ಇಷ್ಟೂ ಆದ ಮೇಲೆ ಎಚ್‌ಎಕ್ಸ್‌ಡಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಓಪನ್ ಡಿಸ್ಕ್’ ಪೆಟ್ಟಿಗೆಯಲ್ಲಿ ‘ಓಪನ್ ಆ್ಯಸ್ ರೀಡ್‌ಓನ್ಲಿ’ ಎಂಬಲ್ಲಿ ಮೊದಲೇ ಗುರುತು ಬಿದ್ದಿರುತ್ತದೆ. ಅದನ್ನು ಮುಟ್ಟಬೇಡಿ. ಲಾಜಿಕಲ್ ಡಿಸ್ಕ್ ಎಂದರೆ ಇ, ಎಫ್ ಮೊದಲಾದ ಅಕ್ಷರವಿರುವ ಭಾಗ, ಫಿಸಿಕಲ್ ಡಿಸ್ಕ್ ಎಂದರೆ ಇಡೀ ಯಂತ್ರ. ಎರಡಕ್ಕೂ ಸೊನ್ನೆಯ ಸೆಕ್ಟರ್ ಇದೆ, ಎರಡೂ ಬೇರೆ ಬೇರೆ. ಒಂದರ ಸೊನ್ನೆಯನ್ನು ನೋಡಿ ಇನ್ನೊಂದರದು ಎಂದುಕೊಂಡವರು ತಪ್ಪು ಜಾಗಕ್ಕೆ ಬರೆಯುತ್ತಾರೆ. ಈಗ ಬೇಕಾದದ್ದು ಲಾಜಿಕಲ್.

ಮುಂದೆ ಬರುವ ಎ ಇಂದ ಎಫ್‌ವರೆಗಿನ ಅಕ್ಷರಗಳು ಪರದೆಯಲ್ಲಿ ಇಂಗ್ಲಿಷಿನಲ್ಲಿ ಕಾಣುತ್ತವೆ. ಹದಿನಾರರ ಎಣಿಕೆಯಲ್ಲಿ 9ರ ನಂತರದ ಅಂಕಿಗಳು ಅವು. ಸೊನ್ನೆಯ ಸೆಕ್ಟರಿನ ಮೊದಲ ಸಾಲನ್ನು ಓದಿ:

‘ಇಬಿ 52 90’, ಬಲಗಡೆ ‘ಎನ್‌ಟಿಎಫ್‌ಎಸ್’ ಎಂಬ ಅಕ್ಷರ: ಇದು ವಿಂಡೋಸ್ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ. ಬೂಟ್ ಸೆಕ್ಟರಿನ, ಅಂದರೆ ಭಾಗದ ಮೊದಲ ಸೆಕ್ಟರಿನ, ತಲೆಯಾದರೂ ಉಳಿದಿದೆ. ದೋಷ ಮುಂದೆಲ್ಲೋ ಇದೆ, ಹೆಚ್ಚಾಗಿ ಕಡತಗಳ ಕೋಷ್ಟಕದಲ್ಲಿ.

‘ಇಬಿ 58 90’ ಇದ್ದು, ಅದೇ ಸೆಕ್ಟರಿನಲ್ಲಿ ಮುಂದೆ ‘ಎಫ್‌ಎಟಿ32’ ಎಂದಿದ್ದರೆ ಪೆನ್ ಡ್ರೈವ್‌ಗಳ ಹಳೆಯ ವ್ಯವಸ್ಥೆ. ‘ಇಬಿ 76 90’ ಮತ್ತು ‘ಎಕ್ಸ್‌ಎಫ್‌ಎಟಿ’ ಇದ್ದರೆ ಕ್ಯಾಮೆರಾ ಕಾರ್ಡ್, ದೊಡ್ಡ ಪೆನ್ ಡ್ರೈವ್‌ಗಳದ್ದು.

‘-ಎಫ್‌ವಿಇ-ಎಫ್‌ಎಸ್-’: ಇದು ಬಿಟ್‌ಲಾಕರ್. ಡಿಸ್ಕ್ ಕೆಟ್ಟಿಲ್ಲ, ಬೀಗ ಬಿದ್ದಿದೆ. 2024ರ ವಿಂಡೋಸ್ 11 ಆವೃತ್ತಿಯ ನಂತರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಈ ಬೀಗ ಕೇಳದೆಯೇ ಬೀಳುವುದು ಹೆಚ್ಚಾಗಿದೆ. 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿ ಸಿಗುತ್ತದೆ. ಅದಿಲ್ಲದೆ ಯಾವ ಎಡಿಟರೂ, ಯಾವ ರಿಪೇರಿಯವನೂ ಏನೂ ಮಾಡಲಾರ.

ಎಲ್ಲವೂ 00: ಬೂಟ್ ಸೆಕ್ಟರ್ ಅಳಿಸಿದೆ. ಮುಂದಿನ ಸಾವಿರಾರು ಸೆಕ್ಟರುಗಳಲ್ಲೂ ಏನಾದರೂ ಇದೆಯೇ ಎಂದು ಅಲ್ಲಲ್ಲಿ ನೋಡಿ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ದೊಡ್ಡ ಎನ್‌ಟಿಎಫ್‌ಎಸ್ ಭಾಗಗಳಲ್ಲಿ ಕೋಷ್ಟಕ ಸಾಮಾನ್ಯವಾಗಿ 62,91,456ನೆಯ ಸೆಕ್ಟರಿನಲ್ಲಿ, ಅಂದರೆ ಸರಿಯಾಗಿ 3 ಜಿಬಿ ಒಳಗೆ ಶುರುವಾಗುತ್ತದೆ. ಅಲ್ಲಿಗೆ ಹೋದಾಗ ಬಲಗಡೆ ‘ಫೈಲ್’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, 1024 ಬೈಟಿಗೊಮ್ಮೆ ಮತ್ತೆ ಮತ್ತೆ ಕಂಡರೆ ಉಸಿರು ಬಿಡಿ. ಕಡತಗಳ ಪಟ್ಟಿ ಜೀವಂತವಾಗಿದೆ.

ಎಲ್ಲಿ ನೋಡಿದರೂ ಸೊನ್ನೆಯೇ ಇದ್ದರೆ ಪೂರ್ಣ ಫಾರ್ಮ್ಯಾಟ್ ಆಗಿರಬಹುದು. ವಿಸ್ತಾ ಕಾಲದಿಂದ ವಿಂಡೋಸಿನ ಪೂರ್ಣ ಫಾರ್ಮ್ಯಾಟ್ ಇಡೀ ಭಾಗಕ್ಕೆ ಸೊನ್ನೆ ಬರೆಯುತ್ತದೆ, ಕ್ವಿಕ್ ಫಾರ್ಮ್ಯಾಟ್ ಮಾತ್ರ ಹೊಸ ಕೋಷ್ಟಕವಷ್ಟೇ ಬರೆಯುತ್ತದೆ. ಎಸ್‌ಎಸ್‌ಡಿ ಆದರೆ, ಬಳಕೆಯಲ್ಲಿಲ್ಲದ ಜಾಗ ಯಾವುದೆಂದು ಅದಕ್ಕೆ ತಿಳಿಸುವ ಟ್ರಿಮ್ ಆಜ್ಞೆ ಕ್ವಿಕ್ ಫಾರ್ಮ್ಯಾಟಿನ ನಂತರವೂ ಒಳಗಿನದನ್ನು ಒರೆಸಿಬಿಡಬಹುದು. ಆಗ ಹುಡುಕಾಟ ವ್ಯರ್ಥ.

## ‘ಡಿಸ್ಕ್ ಇನಿಷಿಯಲೈಸ್ ಮಾಡಿ’, ಅಥವಾ ಇಡೀ ಡಿಸ್ಕ್ ‘ಅನ್‌ಅಲೊಕೇಟೆಡ್’

ಇಲ್ಲಿ ಡಿಸ್ಕಿಗೆ ಡ್ರೈವ್ ಅಕ್ಷರವೇ ಇರುವುದಿಲ್ಲ, ಆದ್ದರಿಂದ ಫಿಸಿಕಲ್ ಡಿಸ್ಕನ್ನು ತೆರೆಯಬೇಕು. ಮೊದಲು ಅಳತೆ ಸರಿಯೇ ನೋಡಿ: 1 ಟಿಬಿ ಡಿಸ್ಕಿನಲ್ಲಿ ಸಾಮಾನ್ಯವಾಗಿ 1,95,35,25,168 ಸೆಕ್ಟರುಗಳಿರುತ್ತವೆ. ತೀರಾ ಕಡಿಮೆ ತೋರಿದರೆ ಕೇಸ್ ಅಥವಾ ಕಂಟ್ರೋಲರ್ ದೋಷ, ಹಿಂದಿನ ಭಾಗಗಳಿಗೆ ಮರಳಿ.

ಸೊನ್ನೆಯ ಸೆಕ್ಟರಿನ ಕೊನೆಯ ಎರಡು ಬೈಟು ‘55 ಎಎ’ ಇರಬೇಕು. ಅದಕ್ಕೆ ಮುಂಚಿನ 64 ಬೈಟುಗಳು, 446ನೆಯ ಬೈಟಿನಿಂದ ಶುರುವಾಗಿ, ಡಿಸ್ಕಿನ ಭಾಗಗಳನ್ನು ಪಟ್ಟಿಮಾಡುವ, ತಲಾ 16 ಬೈಟಿನ ನಾಲ್ಕು ನಮೂದುಗಳು. ಪ್ರತಿ ನಮೂದಿನ ಐದನೆಯ ಬೈಟು ಭಾಗದ ಬಗೆ: 07 ಎಂದರೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಟಿ, 0ಸಿ ಎಂದರೆ ಎಫ್‌ಎಟಿ32, 83 ಎಂದರೆ ಲಿನಕ್ಸ್. ‘ಇಇ’ ಎಂದಿದ್ದರೆ ಇದು ಕಾವಲಿನ ನಮೂದು ಮಾತ್ರ, ಭಾಗಗಳ ನಿಜವಾದ ಕೋಷ್ಟಕ ಜಿಪಿಟಿ ಎಂಬ ಹೊಸ ಬಗೆಯದು. ಆಗ 1ನೆಯ ಸೆಕ್ಟರಿಗೆ ಹೋಗಿ ‘ಇಎಫ್‌ಐ ಪಾರ್ಟ್’ ಎಂಬ ಅಕ್ಷರಗಳನ್ನು ಹುಡುಕಿ. ಅಲ್ಲಿಲ್ಲದೆ 8ನೆಯ ಸೆಕ್ಟರಿನಲ್ಲಿ ಕಂಡರೆ ಮೇಲೆ ಹೇಳಿದ 4096 ಬೈಟಿನ ಕೇಸಿನ ಕಥೆಯೇ. ಎಲ್ಲಿಯೂ ಇಲ್ಲದಿದ್ದರೆ ಡಿಸ್ಕಿನ ಕಟ್ಟಕಡೆಯ ಸೆಕ್ಟರ್ ನೋಡಿ, ಜಿಪಿಟಿ ತನ್ನ ಬದಲಿ ಪ್ರತಿಯನ್ನು ಅಲ್ಲಿಟ್ಟಿರುತ್ತದೆ.

ಸಂಖ್ಯೆಗಳು ಡಿಸ್ಕಿನಲ್ಲಿ ಹಿಂದುಮುಂದಾಗಿ ಕೂತಿರುತ್ತವೆ. ಮೊದಲ ಭಾಗ ಸಾಮಾನ್ಯವಾಗಿ 2048ನೆಯ ಸೆಕ್ಟರಿನಲ್ಲಿ ಶುರುವಾಗುತ್ತದೆ. ಹದಿನಾರರ ಎಣಿಕೆಯಲ್ಲಿ 800. ಪರದೆಯಲ್ಲಿ ಅದು ‘00 08 00 00’. ಇದನ್ನು ನೇರ ಓದಿ ಭಾಗವೆಲ್ಲೋ ಕಳೆದುಹೋಗಿದೆ ಎಂದುಕೊಳ್ಳಬೇಡಿ.

## ಅಳಿಸಿದ ಕಡತ ಹುಡುಕಬೇಕು, ಒಳಗಿನ ಕನ್ನಡ ಗೋಜಲಾಗಿ ಕಾಣುತ್ತಿದೆ

ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ಆದರೆ ಬೆಳಗಾವಿಯ ಡಿಟಿಪಿ ಅಂಗಡಿಯವರಿಗೂ ರಬಕವಿ-ಬನಹಟ್ಟಿಯಲ್ಲಿ ಸೀರೆಯ ವಿನ್ಯಾಸಗಳಿಗೆ ಕನ್ನಡದ ಹೆಸರಿಟ್ಟು ಉಳಿಸುವವರಿಗೂ ಬೇಕಾದದ್ದು. ಎಡಿಟರಿನ ಬಲಗಡೆಯ ಪಠ್ಯದ ಅಂಕಣ ಕನ್ನಡವನ್ನು ತೋರಿಸುವುದಿಲ್ಲ. ಯೂನಿಕೋಡ್ ಕನ್ನಡ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿದ್ದರೆ ಪ್ರತಿ ಅಕ್ಷರ ಸಂಕೇತವೂ ಮೂರು ಬೈಟು, ಮೊದಲೆರಡು ‘ಇ0 ಬಿ2’ ಅಥವಾ ‘ಇ0 ಬಿ3’. ‘ಕ’ ಎಂದರೆ ‘ಇ0 ಬಿ2 95’. ಈ ಜೋಡಿಗಳು ಸಾಲಾಗಿ ಬರುತ್ತಿದ್ದರೆ ಕನ್ನಡ ಪಠ್ಯ ಕ್ಷೇಮವಾಗಿದೆ. ಎನ್‌ಟಿಎಫ್‌ಎಸ್ ಕೋಷ್ಟಕದಲ್ಲಿ ಕಡತದ ಹೆಸರುಗಳು ಎರಡು ಬೈಟಿನವು, ಅಲ್ಲಿ ಅದೇ ‘ಕ’ ‘95 0ಸಿ’ ಆಗುತ್ತದೆ. ಬೈಟು ಬಿಟ್ಟು ಬೈಟು 0ಸಿ ಕಂಡರೆ ಕನ್ನಡ ಹೆಸರಿನ ಕಡತವೊಂದು ಅಲ್ಲಿದೆ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಲಗ್ನಪತ್ರಿಕೆಯ ಪಠ್ಯ ಇಂಗ್ಲಿಷ್ ಅಕ್ಷರ, ಒತ್ತುಗುರುತುಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದು ಕೆಟ್ಟದ್ದಲ್ಲ, ಅದರ ಸಹಜ ರೂಪವೇ ಅದು. ವರ್ಡಿನ ಹೊಸ ಕಡತಗಳು ಜಿಪ್ ಆಗಿ ಅದುಮಿಟ್ಟವು. ಒಳಗಿನ ಸಾಲನ್ನು ಹುಡುಕಿದರೆ ಸಿಗದು. ಅವು ‘50 4ಬಿ 03 04’ ಎಂದು ಶುರುವಾಗುತ್ತವೆ. ಪಿಡಿಎಫ್ ‘25 50 44 46’, ಕ್ಯಾಮೆರಾದ ಜೆಪೆಗ್ ಚಿತ್ರ ‘ಎಫ್‌ಎಫ್ ಡಿ8 ಎಫ್‌ಎಫ್’. ಇಂಥ ಆರಂಭಗಳು ಕಂಡರೆ ಕೈಯಿಂದ ಹೆಕ್ಕಲು ಕೂಡಬೇಡಿ. ಫೋಟೊರೆಕ್ ಎಂಬ ತಂತ್ರಾಂಶ ಇವುಗಳನ್ನೇ ಹುಡುಕಿ ಬೇರೆ ಡಿಸ್ಕಿಗೆ ಎತ್ತಿಡುತ್ತದೆ. ಹೆಸರುಗಳು ಹೋಗುತ್ತವೆ, ಚಿತ್ರಗಳು ಉಳಿಯುತ್ತವೆ.

## ಬರೆಯಲೇಬೇಕಾದಾಗ

ಮೂಲ ಡಿಸ್ಕಿಗೆ ಬರೆಯಬೇಡಿ. ಪ್ರತಿ ಮಾಡಿ, ಪ್ರತಿಯ ಮೇಲೆ ಬರೆಯಿರಿ, ತಪ್ಪಿದರೆ ಇನ್ನೊಂದು ಪ್ರತಿ ಮಾಡಿ. ತಿದ್ದುವ ಸೆಕ್ಟರನ್ನು ಮೊದಲು ಒಂದು ಕಡತವಾಗಿ ಉಳಿಸಿ, ಹೆಸರಿನಲ್ಲೇ ಸೆಕ್ಟರ್ ಸಂಖ್ಯೆ ಬರೆಯಿರಿ. ಮನೆಯ ಕಂಪ್ಯೂಟರಿನಲ್ಲಿರುವ ಬೇರೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗಳನ್ನು ಕಳಚಿಡಿ. ವಿಂಡೋಸ್ ವಿಸ್ತಾದಿಂದ ಈಚೆಗೆ, ಬಳಕೆಯಲ್ಲಿರುವ ಭಾಗಕ್ಕೆ ನೇರ ಬರೆಯಲು ಹೋದರೆ ತಡೆಯುತ್ತದೆ. ಅದು ಕಿರಿಕಿರಿಯಲ್ಲ, ರಕ್ಷಣೆ. ಮೀರುವ ಉಪಾಯ ಹುಡುಕಬೇಡಿ.

ಆದರೂ ಅಂಕಿಗಳನ್ನು ಕೈಯಿಂದ ತಿದ್ದುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಬದಲಿಯನ್ನು ಭಾಗದ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ, ಎಫ್‌ಎಟಿ32 ಸಾಮಾನ್ಯವಾಗಿ 6ನೆಯದರಲ್ಲಿ, ಎಕ್ಸ್‌ಎಫ್‌ಎಟಿ 12ನೆಯದರಿಂದ. ಎಕ್ಸ್‌ಎಫ್‌ಎಟಿಯಲ್ಲಿ 11ನೆಯ ಸೆಕ್ಟರ್ ಪೂರ್ತಿ ತಾಳೆಯ ಮೊತ್ತ, ಅಂದರೆ ಅದಕ್ಕೆ ಮುಂಚಿನ ಸೆಕ್ಟರುಗಳು ಬದಲಾಗಿಲ್ಲವೇ ಎಂದು ಪರೀಕ್ಷಿಸುವ ಚೆಕ್‌ಸಮ್. ಒಂದು ಬೈಟು ತಿದ್ದಿ ಮೊತ್ತ ತಿದ್ದದಿದ್ದರೆ ಡಿಸ್ಕ್ ಮೊದಲಿಗಿಂತ ಕೆಡುತ್ತದೆ. ಜಿಪಿಟಿಯಲ್ಲೂ ಹಾಗೆಯೇ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಮೂಲ, ಬದಲಿ ಎರಡನ್ನೂ ಹೋಲಿಸಿ ‘ಓಕೆ’, ‘ಬ್ಯಾಡ್’ ಎಂದು ಹೇಳುತ್ತದೆ. ಬೂಟ್ ಸೆಕ್ಟರ್ ಬ್ಯಾಡ್, ಬದಲಿ ಓಕೆ ಎಂದಿದ್ದರೆ ಮಾತ್ರ ‘ಬ್ಯಾಕಪ್ ಬಿಎಸ್’ ಆಯ್ಕೆ ಮಾಡಿ. ಎರಡೂ ಬ್ಯಾಡ್ ಆಗಿದ್ದರೆ ಏನನ್ನೂ ಬರೆಯದೆ ಫೋಟೊರೆಕ್ ಅಥವಾ ಡಿಎಂಡಿಇಯಿಂದ ಕಡತಗಳನ್ನು ಹೊರತೆಗೆಯಿರಿ. ಡಿಸ್ಕನ್ನು ಸರಿಪಡಿಸುವುದಕ್ಕಿಂತ ಅದರೊಳಗಿನದನ್ನು ಹೊರಗೆ ತರುವುದು ಸುಲಭ, ಡಿಸ್ಕನ್ನು ಹೊಸದು ಕೊಳ್ಳಬಹುದು.

## ನಿಲ್ಲಿಸಿ, ಬೇರೆಯವರ ಕೈಗೆ ಕೊಡುವುದು

ಟಕ್ ಸದ್ದು, ನೀರು ಹೊಕ್ಕ ಡಿಸ್ಕ್, ಕೆಳಗೆ ಬಿದ್ದ ಡಿಸ್ಕ್, ಸುಟ್ಟ ವಾಸನೆ, ಅಳತೆ ಸೊನ್ನೆ: ಇವೆಲ್ಲ ಧೂಳಿಲ್ಲದ ಕೋಣೆ, ಬಿಡಿಭಾಗಗಳಿರುವ ಪ್ರಯೋಗಾಲಯದ ಕೆಲಸ. ಪುಣೆ, ಬೆಂಗಳೂರಿನಲ್ಲಿ ಅಂಥವಿವೆ, ಖರ್ಚು ಕಡಿಮೆಯಿಲ್ಲ. ಒಳಗಿರುವುದು ತಿಕೋಟಾದ ಒಣದ್ರಾಕ್ಷಿ ವ್ಯಾಪಾರದ ಲೆಕ್ಕವೋ, ತೀರಿಕೊಂಡ ಹಿರಿಯರ ಒಂದೇ ವಿಡಿಯೊವೋ ಆಗಿದ್ದರೆ ಮೊದಲ ದಿನವೇ ಕಳಿಸಿ, ಎಲ್ಲ ಪ್ರಯೋಗ ಮುಗಿದ ಮೇಲಲ್ಲ.

ಕೊಡುವಾಗ ಏನೇನು ಮಾಡಿದ್ದೀರೋ ಅದನ್ನು ಕಾಗದದಲ್ಲಿ ಬರೆದು ಕೊಡಿ, ಉಳಿಸಿಟ್ಟ ಸೆಕ್ಟರ್ ಕಡತಗಳನ್ನೂ ಹಳೆಯ ಕೇಸನ್ನೂ ಜೊತೆಗಿಡಿ. ಡಿಸ್ಕ್ ಬಿಚ್ಚುವ ಮುನ್ನ ದರ ಹೇಳಬೇಕು, ಕಡತಗಳ ಪಟ್ಟಿ ತೋರಿಸಿದ ಮೇಲೆ ಹಣ ಪಡೆಯಬೇಕು, ನಿಮ್ಮ ಪ್ರತಿಯನ್ನು ಅವರ ಬಳಿ ಉಳಿಸಿಕೊಳ್ಳಬಾರದು; ಈ ಮೂರನ್ನೂ ಮೊದಲೇ ಕೇಳಿ. ಬಸ್ ಚಾಲಕರ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸುವ ರೂಢಿ ಇದಕ್ಕೆ ಬೇಡ. ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸುತ್ತ ದಪ್ಪ ಸ್ಪಂಜು ತುಂಬಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಅಲುಗಾಡಿಸಿದರೆ ಸದ್ದು ಬಾರದಷ್ಟು ಬಿಗಿಯಾಗಿ ಕಟ್ಟಿ.